ಜಿಗಿಯದ ಹುಡುಗ

ಅಮೆರಿಕನ್ ಫುಟ್‌ಬಾಲ್ ಅಭ್ಯಾಸದಲ್ಲಿ ಸೀಟಿ ಊದಿದ ಮೇಲೂ ಟ್ರೇಸ್ ಕುಬೆನಾ ನಿಲ್ಲಲಿಲ್ಲ. ಆಟ ಮುಗಿಯಿತೆಂದು ಚೆಂಡು ಕೆಳಗಿಡುತ್ತಿದ್ದ ತನ್ನದೇ ತಂಡದ ಹುಡುಗನಿಗೆ ಓಡಿಬಂದು ಗುದ್ದಿದ. ಹೆಗಲಿನ ಮೂಳೆ ಲಟಕ್ಕೆಂದಿತು. ಬಿದ್ದವನು ಚೀರತೊಡಗಿದ. ಟ್ರೇಸ್ ಬೆನ್ನು ತಿರುಗಿಸಿ ತನ್ನ ಜಾಗಕ್ಕೆ ನಡೆದು, ಮುಂದಿನ ಆಟಕ್ಕೆ ನೆಲಕ್ಕೆ ಕೈಯೂರಿ ಕುಳಿತ.

"ನೋಡಿದ್ರಾ?" ಸಹಾಯಕ ಕೋಚ್ ಲೋನಿ ಟೀಗ್ ಟೋಪಿ ತೆಗೆದು ನೆಲಕ್ಕೆ ಬಡಿದ. "ತಿರುಗಿ ಕೂಡ ನೋಡ್ಲಿಲ್ಲ! ಕಟುಕನಿಗೂ ಇಷ್ಟು ಕಲ್ಲೆದೆ ಇರಲ್ಲ."

ಮುಖ್ಯ ಕೋಚ್ ಬೋಯ್ಡ್ ಹ್ಯಾಗರ್ಟಿ ಸೂರ್ಯಕಾಂತಿ ಬೀಜದ ಸಿಪ್ಪೆ ಉಗುಳಿದರು. ಅವರ ಕಣ್ಣು ಬಿದ್ದವನ ಮೇಲಿರಲಿಲ್ಲ. ಟ್ರೇಸ್‌ನ ಮೇಲಿತ್ತು. ಹದಿನೇಳು ವರ್ಷ, ಮುನ್ನೂರು ಪೌಂಡಿನ ಮೈ.

"ಶುಕ್ರವಾರ ಇವನನ್ನ ಮಧ್ಯಕ್ಕೆ ಹಾಕ್ತೀನಿ. ಚೆಂಡಿನ ಎದುರಿಗೇ."

"ಮಧ್ಯಕ್ಕಾ? ಬೆಂಚಿಗೆ ಹಾಕಿ ಕೋಚ್! ಆಡಿಸಲೇಬೇಕು ಅಂದ್ರೆ ಸಾಲಿನ ತುದಿಗೆ ತಳ್ಳಿ, ಅಲ್ಲಿ ಯಾರ ಜೊತೆನೂ ಹೊಂದ್ಕೋಬೇಕಿಲ್ಲ. ಇವನಿಗೆ ಸೊಕ್ಕು. ಹಿಂದಿನಿಂದ ಹತ್ತು ಸಲ ಹೆಸರು ಕೂಗಿದ್ರೂ ಕತ್ತು ತಿರುಗಿಸಲ್ಲ. ಎದುರಿಗೆ ಹೋಗಿ ಬೈದ್ರೆ ನನ್ನ ಬಾಯನ್ನೇ ದಿಟ್ಟಿಸ್ತಾನೆ, ಹಲ್ಲು ಉದುರಿಸೋಕೆ ಅಳತೆ ತಗೊಂಡ ಹಾಗೆ. ನಾನು ಜೋಕ್ ಹೇಳಿದ್ರೆ ಎಲ್ಲರೂ ನಕ್ಕ ಮೇಲೆ ನಗ್ತಾನೆ."

"ನಿನ್ನ ಜೋಕಿಗೆ ನಾನೂ ಹಾಗೇ ನಗೋದು, ಲೋನಿ."

ಹ್ಯಾಗರ್ಟಿಯವರ ಎದೆಯಲ್ಲಿ ಒಂದು ಹಳೆಯ ಉರಿ ಇತ್ತು. ಚೆಂಡು ಕದಲುವ ಮೊದಲೇ ಯಾರಾದರೂ ಗೆರೆ ದಾಟಿ ಜಿಗಿದರೆ ಐದು ಗಜ ದಂಡ. ಕಳೆದ ವರ್ಷ ಡನ್‌ಲೆವಿ ಊರಿನ ಕ್ವಾರ್ಟರ್‌ಬ್ಯಾಕ್, ಅಂದರೆ ಕೂಗು ಹಾಕಿ ಚೆಂಡು ತರಿಸಿಕೊಂಡು ಆಟ ಶುರುಮಾಡುವವನು, ಬರೀ ಗಂಟಲಿನಿಂದಲೇ ಆಟ ಗೆದ್ದಿದ್ದ. ಚೆಂಡು ಅಲುಗಿಸದೆ "ಹಟ್! ಹಟ್!" ಎಂದು ಸುಳ್ಳು ಕೂಗು ಹಾಕುವನು, ಹ್ಯಾಗರ್ಟಿಯವರ ಹುಡುಗರು ಕಪ್ಪೆಗಳ ಹಾಗೆ ಜಿಗಿಯುವರು. ಏಳು ಸಲ. ಆ ಹುಡುಗ ಈ ಶುಕ್ರವಾರ ಮತ್ತೆ ಬರುವವನಿದ್ದ.

ಅದೇ ದಿನ ವಿಶ್ವವಿದ್ಯಾಲಯದಿಂದ ಒಬ್ಬರು ಟ್ರೇಸ್‌ನನ್ನು ನೋಡಲೆಂದೇ ಬರುವವರಿದ್ದರು. ಅವರ ಕಣ್ಣಿಗೆ ಬಿದ್ದರೆ ಓದು, ಊಟ, ವಸತಿ ಎಲ್ಲ ಪುಕ್ಕಟೆ. ಬೆಂಚಿನ ಮೇಲೆ ಕುಳಿತರೆ, ಅಪ್ಪನ ಹಾಗೆ ಜೀವನಪೂರ್ತಿ ಜಿನ್ನಿಂಗ್ ಮಿಲ್ಲಿನ ಹತ್ತಿ ಧೂಳು.

"ಬಾ, ತೋರಿಸ್ತೀನಿ," ಎಂದು ಹ್ಯಾಗರ್ಟಿ ಗೆರೆಯ ಬಳಿ ಹೋಗಿ ತಾವೇ ಕೂಗಿದರು. "ಹಟ್!"

ಮೂವರು ಜಿಗಿದರು. ಟ್ರೇಸ್ ಅಲುಗಲಿಲ್ಲ.

"ಹಟ್‌ಹಟ್!"

ಇನ್ನೊಬ್ಬ ಮುಗ್ಗರಿಸಿ ಮೂಗು ಒರೆಸಿಕೊಂಡ. ಟ್ರೇಸ್‌ನ ಕಣ್ಣು ಚೆಂಡಿನ ಮೇಲೆ ನೆಟ್ಟಿತ್ತು. ಚೆಂಡು ಒಂದು ಬೆರಳಿನಷ್ಟು ಕದಲಿತೋ ಇಲ್ಲವೋ, ಅವನು ಎದುರಿನ ಇಬ್ಬರ ನಡುವೆ ತೂರಿ ಆಚೆಗಿದ್ದ.

"ಹತ್ತು ಆಟ ಆಯ್ತು. ಒಂದು ಸಲವೂ ಮೋಸ ಹೋಗಿಲ್ಲ. ಅದು ಸೊಕ್ಕಲ್ಲ, ತಾಳ್ಮೆ."

"ತಾಳ್ಮೆಯಂತೆ! ಆಸ್ಪತ್ರೆಗೆ ಹೊರಟವನ ಹೆಗಲಿಗೆ ಹೇಳಿ." ಟೀಗ್ ಟ್ರೇಸ್‌ನ ಮುಖಕ್ಕೆ ಮುಖ ತಂದ. "ಗ್ಯಾಲರಿ ಮೆಟ್ಟಿಲು ಹತ್ತಿ ಇಳಿ, ಮಗನೇ. ನಾನು ಸೀಟಿ ಊದೋವರೆಗೆ."

"ಸರಿ ಸರ್."

ಇಪ್ಪತ್ತು ಸುತ್ತಾದ ಮೇಲೆ ಟೀಗ್ ಸೀಟಿ ಊದಿದ. ಹುಡುಗ ನಿಲ್ಲಲಿಲ್ಲ. ಮತ್ತೊಮ್ಮೆ ಊದಿದ. ಹುಡುಗ ಬೆನ್ನು ತೋರಿಸಿ ಹತ್ತುತ್ತಲೇ ಇದ್ದ.

"ನೋಡಿ, ಹಟ! ಸಾಯಲಿ ಬಿಡಿ."

"ಹಟ ಅಲ್ಲ ಕಣೋ. ಇದಕ್ಕೇ ಎದೆ ಅನ್ನೋದು," ಎಂದರು ಹ್ಯಾಗರ್ಟಿ.

ಇಬ್ಬರೂ ನಿಂತು ನೋಡಿದರು. ಮೂವತ್ತೆಂಟನೆಯ ಸುತ್ತಿಗೆ ಟ್ರೇಸ್ ಮೆಟ್ಟಿಲ ಮೇಲೆ ವಾಂತಿ ಮಾಡಿಕೊಂಡು ಮಂಡಿಯೂರಿದ.

ಮಿಲ್ಲಿನಿಂದ ನೇರ ಬಂದಿದ್ದ ಅಪ್ಪ ಅರ್ವಿನ್ ಅವನ ಬಳಿ ಹೋದ. ಭುಜ ತಟ್ಟಿದ, ಗಲ್ಲ ಹಿಡಿದು ಮುಖ ಎತ್ತಿದ, ಕಣ್ಣಲ್ಲಿ ಕಣ್ಣಿಟ್ಟು "ಏಳು" ಎಂದ. ಮಗ ಎದ್ದ. ಹೀಗೆ ಬೆಳೆಸಬೇಕು ಮಕ್ಕಳನ್ನು ಎಂದುಕೊಂಡರು ಹ್ಯಾಗರ್ಟಿ.

"ತಾಯಿ ಇಲ್ಲದವನು, ಕೋಚ್. ಸ್ವಲ್ಪ ಒರಟು, ಮುಂಗೋಪಿ," ಎಂದ ಅರ್ವಿನ್. "ಮಧ್ಯದ ಜಾಗ ಕೊಡಿ. ಜವಾಬ್ದಾರಿ ಬಿದ್ರೆ ಮೆತ್ತಗಾಗ್ತಾನೆ."

ಹ್ಯಾಗರ್ಟಿ ಹುಡುಗನ ಎದುರು ನಿಂತರು. "ಶುಕ್ರವಾರ ಮಧ್ಯದಲ್ಲಿ ಆಡ್ತೀಯಾ?"

ಟ್ರೇಸ್‌ನ ಮುಖ ಅರಳಿತು. "ಆಡ್ತೀನಿ ಸರ್. ನನಗೆ ಬೇಕಾಗಿರೋದೇ ಅದು." ಆಮೇಲೆ ತಡವರಿಸಿದ. "ಆ ಹುಡುಗನಿಗೆ ಹೇಗಿದೆ ಸರ್?"

"ಈಗ ನೆನಪಾಯ್ತಾ ದೊರೆಗೆ?" ಎಂದ ಟೀಗ್, ಟೋಪಿಯ ಧೂಳು ಕೊಡವುತ್ತ.

ಅಪ್ಪ ಮಗ ಪಿಕಪ್ ಗಾಡಿ ಹತ್ತಿದರು. ಊರಿನ ಬೇಕರಿಯ ಮುಂದೆ ನಿಲ್ಲಿಸಿ ಅರ್ವಿನ್ ಮಗನಿಗೆ ಎರಡು ಸಾಸೇಜ್ ಬನ್ ತಂದುಕೊಟ್ಟ. ಮತ್ತೆ ಗಾಡಿ ಹೊರಡಿಸುವಷ್ಟರಲ್ಲಿ ಫೋನು ಬಂತು.

"ಹೇಳಿ ಡಾಕ್ಟ್ರೇ... ಸೋಮವಾರ ಬೇಡ, ಡಿಸೆಂಬರ್ ಕಳೀಲಿ. ಆಟಗಳೆಲ್ಲ ಮುಗೀಲಿ... ಗೊತ್ತು, ಒಳಗಿನ ಗಡ್ಡೆ ಮೂಳೆ ತಿಂದುಹಾಕುತ್ತೆ ಅಂದಿದ್ರಿ. ತಡವಾದ್ರೆ ಆಪರೇಷನ್ ಮಾಡಿದ್ರೂ ಎರಡೂ ಕಿವಿ ವಾಪಸ್ ಬರಲ್ಲ ಅಂತಲೂ ಅಂದಿದ್ರಿ. ಆದ್ರೆ ಈಗ್ಲೇ ಸರಿಹೋದ್ರೆ, ಯಾವನೋ ಕೂಗಿದ ಅಂತ ಎಲ್ಲರ ಹಾಗೆ ಇವನೂ ಜಿಗೀತಾನೆ. ಆಮೇಲೆ ಇವನನ್ನ ಯಾರು ಕೇಳ್ತಾರೆ?... ಅವನಿಗಾ? ಡ್ರಾಪ್ಸ್ ಹಾಕಿದ್ರೆ ತಾನಾಗೇ ವಾಸಿಯಾಗುತ್ತೆ, ಯಾರಿಗೂ ಹೇಳ್ಬೇಡ ಅಂದಿದೀನಿ. ನಂಬಿದಾನೆ."

ಮಗ ಪಕ್ಕದ ಸೀಟಿನಲ್ಲೇ ಇದ್ದ, ಕಿಟಕಿಯ ಕಡೆ ಮುಖ ಮಾಡಿ ಬನ್ ತಿನ್ನುತ್ತ. ಅರ್ವಿನ್ ದನಿ ತಗ್ಗಿಸುವ ಗೋಜಿಗೇ ಹೋಗಲಿಲ್ಲ.