ನಲವತ್ತನೆಯ ಕಾರ್ಡು

ನಲವತ್ತನೆಯ ಕಾರ್ಡಿಗೆ ಬಂದಾಗ ಸಾಯಬಣ್ಣನ ಕೈ ನಿಂತುಬಿಟ್ಟಿತು. ಬಲತುದಿಯಲ್ಲಿ ತೂತೇ ಇಲ್ಲ! ಹಿಂದಿನ ಮೂವತ್ತೊಂಬತ್ತರಲ್ಲೂ ಇತ್ತು, ಮುಂದಿನವುಗಳಲ್ಲೂ ಇತ್ತು.

ಸೋಲಾಪುರದ ಒಂದು ಬಟ್ಟೆ ಗಿರಣಿಯಲ್ಲಿ ಇಪ್ಪತ್ತೆರಡು ವರ್ಷ ಚಾದರದ ಮಗ್ಗಗಳಿಗೆ ರಟ್ಟಿನ ಕಾರ್ಡು ಕೊರೆದ ಕೈ ಅದು. ಯಾವ ತೂತಿಗೆ ಯಾವ ಎಳೆ ಏಳುತ್ತದೆ, ನವಿಲಿನ ಕೊಕ್ಕು ಎಲ್ಲಿ ಮೂಡುತ್ತದೆ, ಎಲ್ಲ ಬೆರಳಿಗೇ ಗೊತ್ತು. ಆದರೆ ಈ ಕಾರ್ಡು ಮಗ್ಗದ್ದಲ್ಲ, ಕಂಪ್ಯೂಟರಿನದು. ದಿನಾ ಬೆಳಗ್ಗೆ ಈ ಕಾರ್ಡುಗಳ ಕಟ್ಟು ಓದಿಸಿದರಷ್ಟೇ ಅದಕ್ಕೆ ಎಚ್ಚರವಂತೆ. ಎಪ್ಪತ್ನಾಲ್ಕನೆಯ ಇಸವಿಯಲ್ಲಿ ಗಿರಣಿಯ ಅಕ್ಕಲಕೋಟದ ಹೊಸ ಕಚೇರಿಗೂ ಅಂಥದೇ ಯಂತ್ರ ಬಂತು. ಕಟ್ಟು ಮಾತ್ರ ಒಂದೇ. ನಕಲು ತೆಗೆಯುವ ಯಂತ್ರ ರಿಪೇರಿಗೆಂದು ಮುಂಬಯಿಗೆ ಹೋಗಿತ್ತು. ಹಾಗಾಗಿ ಕೈಯಿಂದಲೇ ನಕಲು ಕೊರೆಯುವ ಕೆಲಸ ಸಾಯಬಣ್ಣನಿಗೆ ಬಿತ್ತು.

"ಕಾಕಾ, ಹುಬೇಹೂಬ್ ಆಗಬೇಕು," ಎಂದಿದ್ದ ಕಂಪ್ಯೂಟರ್ ಸಾಹೇಬ ಚನ್ನವೀರಪ್ಪ. "ನನ್ನ ಮಷೀನ್ ಹೆಂಗ ನಡೀತದ, ಅದೂ ಹಂಗ ನಡೀಬೇಕು. ಒಂದು ತೂತು ಹೆಚ್ಚುಕಮ್ಮಿ ಆತಂದ್ರ ನಿಮ್ಮ ನೌಕರಿ ಉಳಿಯಂಗಿಲ್ಲ."

ಇಡೀ ಗಿರಣಿಯಲ್ಲಿ ತಂಪು ಗಾಳಿಯ ಕೋಣೆ ಅದೊಂದೇ. ಅದರಿಂದಲೂ ಚನ್ನವೀರಪ್ಪ ಬೆವರು ಒರೆಸಿಕೊಳ್ಳುತ್ತ ಹೊರಬರುತ್ತಿದ್ದ. ಅಷ್ಟು ದುಡಿಮೆ! ಒಳಗೆ ಯಾರನ್ನೂ ಬಿಡುತ್ತಿರಲಿಲ್ಲ. ಆರು ಗುಮಾಸ್ತರು ಇನ್ನೂ ಕೈಯಲ್ಲೇ ಹಾಜರಿ ಬರೀತಾರಲ್ಲ ಎಂದು ಯಾರಾದರೂ ಕೇಳಿದರೆ, "ಮಷೀನ್ ಇನ್ನೂ ಮಂದಿ ಹೆಸರು ಕಲ್ಯಾಕತ್ತದ," ಎನ್ನುತ್ತಿದ್ದ.

ಸಾಯಬಣ್ಣ ಮತ್ತೊಮ್ಮೆ ಕಾರ್ಡು ನೋಡಿದ. ಮಗ್ಗದಲ್ಲಾದರೆ ಅದು ಕಿನಾರಿಯ ತೂತು. ತಪ್ಪಿತೆಂದರೆ ಚಾದರ ಅಂಚಿನಿಂದಲೇ ಬಿಚ್ಚಿಕೊಳ್ಳುತ್ತದೆ. ನೌಕರಿ ಒಂದು ಕಡೆ, ಕೈಯ ಚಾಳಿ ಒಂದು ಕಡೆ. ಚಾಳಿ ಗೆದ್ದಿತು. ನಕಲು ಕಾರ್ಡಿನ ಬಲತುದಿಗೆ ಟಕ್.

ಸುದ್ದಿ ಕೇಳಿ ಹೆಂಡತಿ ಕಲ್ಯಾಣಮ್ಮ ಹಣೆ ಬಡಿದುಕೊಂಡಳು. "ಅದನ್ನೇನ್ ಹೊಚ್ಚಿಕೊಂಡು ಮಕ್ಕೋತಾರೇನ್ರಿ? ನಿಮಗ್ಯಾಕ ಬೇಕಿತ್ತು ಅದರ ಕಿನಾರಿ?"

ನಕಲು ಕಟ್ಟು ಹೋದ ಮೂರನೆಯ ದಿನ ಅಕ್ಕಲಕೋಟದಿಂದ ಫೋನು ಬಂತು. ಚನ್ನವೀರಪ್ಪ ಸಾಯಬಣ್ಣನನ್ನು ತಂಪು ಕೋಣೆಯೊಳಗೇ ಕರೆಸಿ ಅಗಳಿ ಹಾಕಿದ. ಮುಖ ಸುಣ್ಣದಂತಾಗಿತ್ತು.

"ಖರೇ ಹೇಳ್ರಿ. ಏನ್ ಮಾಡೀರಿ?"

"ತಪ್ಪಾತ್ರಿ ಸಾಹೇಬ್ರ. ಒಂದು ತೂತು ಜಾಸ್ತಿ ಹೊಡದೀನಿ. ಹೊಟ್ಟಿ ಮ್ಯಾಲ ಮಾತ್ರ ಹೊಡೀಬ್ಯಾಡ್ರಿ."

ಚನ್ನವೀರಪ್ಪ ಗಬಕ್ಕನೆ ಅವನ ಎರಡೂ ಕೈ ಹಿಡಿದುಕೊಂಡ.

"ಮೆಲ್ಲಕ ಮಾತಾಡ್ರಿ ಕಾಕಾ. ಅಕ್ಕಲಕೋಟದ್ದು ನಿಮ್ಮ ಕಟ್ಟು ಹಾಕಿದ ಕೂಡ್ಲೆ ಚಾಲೂ ಆಗ್ಯದ. ಮಾಲಕರು ಎರಡೂ ನೋಡಾಕ ನಾಳೆ ಬರಾಕತ್ತಾರ. ಸಂಜಿ ಒಳಗ ನನಗೂ ಅಂಥಾದ್ದೊಂದು ಕಟ್ಟು ಹೊಡದು ಕೊಡ್ರಿ. ಈ ಮಷೀನ್ ಬಂದು ಎಂಟು ತಿಂಗಳಾತು, ಒಂದ ದಿನಾನೂ ಎದ್ದಿಲ್ಲ!"