ಮೆಟ್ಟಿಲ ದಾರಿ

ಕಾದ ಕಲ್ಲಿನ ಮೇಲೆ ನೀರು ಬಿದ್ದ ವಾಸನೆ ಬಂದರೆ ಈಗಲೂ ಕುಂತಿಬೆಟ್ಟದ ಆ ಮಧ್ಯಾಹ್ನ ಕಣ್ಮುಂದೆ ಬರುತ್ತದೆ.

ಮೆಟ್ಟಿಲು ಮುದುಕರಿಗೆ ಎಂದು ನಗುತ್ತ ಅಕ್ಕ ಯಾವಾಗಲೂ ಬೋಳುಬಂಡೆಯನ್ನೇ ಹತ್ತುತ್ತಿದ್ದಳು. ಮೈಸೂರಿನ ಆಸ್ಪತ್ರೆಯವರು ಇನ್ನು ಮನೆಯಲ್ಲೇ ಇರಲಿ ಎಂದು ಕಳಿಸಿದ ಮೇಲೆ, ಹಟ ಹಿಡಿದು ಬೆಟ್ಟಕ್ಕೆ ಬಂದವಳು ಅಜ್ಜಿಯ ಜೊತೆ ಮೆಟ್ಟಿಲು ಹತ್ತಿದಳು. ಅರ್ಧಕ್ಕೇ ಕುಸಿದು ಕೂತಳು. ಅಜ್ಜಿ ಮುಖಕ್ಕೆ ನೀರು ಚಿಮುಕಿಸಿದಳು.

"ನೀನು ಬಂಡೆ ಅತ್ಕಂಡು ಓಗೆ. ತೊಣ್ಣೂರು ಕೆರೆ ತುಂಬೈತಾ ನೋಡಿ ಯೋಳು," ಎಂದು ಅಕ್ಕ ನನ್ನನ್ನು ಕಳಿಸಿದಳು.

ತುದಿಯಿಂದ "ತುಂಬೈತೆ ಕಣಕ್ಕೋ!" ಎಂದು ಕೂಗಿದೆ. ಕೆಳಗಿನಿಂದ ಅಕ್ಕ ಕೈಯೆತ್ತಿದಳು.

ನಾನು ಇಳಿದು ಬಂದಾಗ ಅಜ್ಜಿ ಅವಳನ್ನು ಕೂಸಿನ ಹಾಗೆ ಬೆನ್ನಿಗೆ ಹಾಕಿಕೊಂಡಿದ್ದಳು.

"ಬಾರ ಆಯ್ತದಾ ಅಜ್ಜಿ?" ಎಂದೆ.

"ಏನೇನೂ ಬಾರ ಇಲ್ಲ ಕಣವ್ವ," ಎಂದ ಅಜ್ಜಿ, ಕಣ್ಣೊರೆಸಿಕೊಳ್ಳಲು ಕೈ ಬಿಡುವಿಲ್ಲದೆ, ಹಾಗೇ ಅಳುತ್ತ ಇಳಿದಳು.