ಅಮ್ಮನ ನಾಲಿಗೆ

ನಡುರಾತ್ರಿ ಅಡುಗೆಮನೆಯಲ್ಲಿ ಚಮಚ ಲೋಟಕ್ಕೆ ತಾಗಿದ ಸದ್ದಾಯಿತು. ಮಗಳು ಎದ್ದು ಬಂದಳು. ನಾಡಿ ನೋಡಿ ಔಷಧಿ ಕೊಡುವ ಅಮ್ಮ ನೆಲಬೇವಿನ ಕಷಾಯವನ್ನು ಮತ್ತೆ ಮತ್ತೆ ನಾಲಿಗೆಗೆ ಹಚ್ಚಿಕೊಳ್ಳುತ್ತಿದ್ದಳು. ತಾನು ರುಚಿ ನೋಡದ ಕಷಾಯವನ್ನು ಅವಳು ಯಾವ ರೋಗಿಗೂ ಕೊಟ್ಟವಳಲ್ಲ.

"ಈ ಸಲದ ಸೊಪ್ಪಲ್ಲಿ ಸತ್ವಾನೇ ಇಲ್ಲ ಕಣೇ, ಬರೀ ನೀರು. ನಿನ್ನ ಲ್ಯಾಬಿನ ಯಂತ್ರ ಬೇಡ, ನಾಲಿಗೆ ಸಾಕು. ನೋಡು."

ಒಂದೇ ಗುಟುಕಿಗೆ ಕಹಿ ಗಂಟಲಿನ ತಳದವರೆಗೆ ಇಳಿಯಿತು. ಮುಖ ಸಿಂಡರಿಸದೆ ಮಗಳು, "ಹೌದಮ್ಮ, ಕಹಿನೇ ಇಲ್ಲ" ಎಂದಳು.

"ಸುಳ್ಳುಬುರುಕಿ. ಕಣ್ಣಲ್ಲಿ ನೀರು ತುಂಬಿದೆ." ಅಮ್ಮ ಚಮಚ ಕೆಳಗಿಟ್ಟಳು. "ಹಾಗಾದ್ರೆ ಕೆಟ್ಟಿರೋದು ನನ್ನ ನಾಲಿಗೆ. ಇನ್ನು ಯಾವ ಧೈರ್ಯದ ಮೇಲೆ ಔಷಧಿ ಕೊಡ್ಲೇ?"

"ನಾಳೆಯಿಂದ ರುಚಿ ನಾನು ನೋಡ್ತೀನಮ್ಮ."

ಇದನ್ನು ಯಾರಿಗೂ, ಅಣ್ಣನಿಗೂ ಹೇಳುವುದಿಲ್ಲವೆಂದು ಅವಳು ಆಗಲೇ ನಿಶ್ಚಯಿಸಿಕೊಂಡಿದ್ದಳು.